ಹೊಸ ಯೋಜನೆಯ ಐಡಿಯಾ ಬಂತು, ಈಗ ಎಲ್ಲಿ ಚರ್ಚಿಸೋಣ? ವಿಕಿ ಸ್ವಯಂಸೇವಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅದರೊಳಗೆ ಎಲ್ಲರೂ ಸೇರಿ ಮಾತಾಡಲು ಒಂದು ಪುಟ ಇದೆ. ಹೆಸರು ಅರಳಿ ಕಟ್ಟೆ. ಯಾರು ಬೇಕಾದರೂ ಹೋಗಿ ಬರೆಯಬಹುದು, ಯಾರು ಬೇಕಾದರೂ ಓದಬಹುದು. ಆದರೂ ಹೊಸ ಯೋಜನೆಯ ಮಾತು ಎಷ್ಟೋ ಸಲ ಹುಟ್ಟುವುದು ಬೇರೆ ಕಡೆ. ಯಾವುದೋ ವಾಟ್ಸಾಪ್ ಗುಂಪು, ಟೆಲಿಗ್ರಾಂ ಗುಂಪು, ಇಲ್ಲವೇ ಕಾರ್ಯಾಗಾರದ ಊಟದ ಬಿಡುವು. ಅಲ್ಲಿ ಹುಟ್ಟಿದರೆ ತಪ್ಪೇನಿಲ್ಲ. ತೀರ್ಮಾನವೂ ಅಲ್ಲೇ ಆಗಿಬಿಟ್ಟರೆ ತೊಂದರೆ. ಗುಂಪಿನಲ್ಲಿ ಇಲ್ಲದವರಿಗೆ ಯೋಜನೆ ಗೊತ್ತಾಗುವುದು ಅದು ಅರ್ಧ ಮುಗಿದ ಮೇಲೆ. ಆಗ ಅವರು ಕೇಳುವ ಮೊದಲ ಪ್ರಶ್ನೆ: "ಇದನ್ನು ಯಾರು ಒಪ್ಪಿದರು, ಎಲ್ಲಿ ಒಪ್ಪಿದರು?"

ಆ ಪ್ರಶ್ನೆಗೆ ಒಂದು ಕೊಂಡಿ ಕೊಟ್ಟು ಉತ್ತರಿಸುವಂತಿರಬೇಕು. ಅದಕ್ಕೆ ಏನೇನು ಮಾಡಬೇಕು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕನ್ನಡ, ತುಳು, ಕೊಂಕಣಿ ವಿಕಿಗಳ ಸುತ್ತ ಇವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಕ್ಷೆ ತುಂಬುವವರಿಗೆ, ತಂತ್ರಾಂಶ ಕನ್ನಡೀಕರಿಸುವ ಗುಂಪಿಗೆ ಜಾಗದ ಹೆಸರುಗಳು ಬದಲಾಗುತ್ತವೆ, ಲೆಕ್ಕಾಚಾರ ಇದೇ.

ಮೊದಲ ಹೆಜ್ಜೆ: ಐಡಿಯಾವನ್ನು ಬಿಡಿಸಿ ನೋಡಿ

"ಕರ್ನಾಟಕದ ಕೆರೆಗಳ ಬಗ್ಗೆ ಒಂದು ಯೋಜನೆ ಮಾಡೋಣ" ಅಂತ ಒಬ್ಬರು ಹೇಳಿದರು ಅಂತಿಟ್ಟುಕೊಳ್ಳಿ. ಕೇಳಲು ಒಂದೇ ಐಡಿಯಾ. ಬಿಡಿಸಿದರೆ ಒಳಗೆ ಐದಾರು ಇವೆ.

ಕೆರೆಗಳ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುವುದು ಒಂದು. ಕೆರೆಗಳ ಫೋಟೊ ತೆಗೆದು ವಿಕಿಗಳೆಲ್ಲ ಬಳಸುವ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವುದು ಇನ್ನೊಂದು. ಕೆರೆಯ ವಿಸ್ತೀರ್ಣ, ತಾಲ್ಲೂಕು, ಅಕ್ಷಾಂಶ ರೇಖಾಂಶಗಳನ್ನು ವಿಕಿಗಳ ದತ್ತಾಂಶ ಕೋಶವಾದ ವಿಕಿಡೇಟಾಗೆ ಸೇರಿಸುವುದು ಮತ್ತೊಂದು. ಲೇಖನದ ಬಲಬದಿಗೆ ಬರುವ ಮಾಹಿತಿಚೌಕಕ್ಕೆ ಹೊಸ ಟೆಂಪ್ಲೇಟು (ಸಿದ್ಧ ಅಚ್ಚು) ಬೇಕಾಗಬಹುದು. ಓಡಾಟಕ್ಕೆ ದುಡ್ಡು ಬೇಕಾಗಬಹುದು. ದಕ್ಷಿಣ ಕನ್ನಡದವರು ಬಂದರೆ ಇದನ್ನೇ ತುಳುವಿನಲ್ಲೂ ಬರೆಯೋಣ ಅನ್ನುತ್ತಾರೆ.

ಇವುಗಳನ್ನು ಚರ್ಚಿಸುವ ಜಾಗ ಒಂದೇ ಅಲ್ಲ. ಕನ್ನಡ ಲೇಖನಗಳ ಮಾತು ಅರಳಿ ಕಟ್ಟೆಗೆ ಸೇರಿದ್ದು. ವಿಕಿಡೇಟಾದಲ್ಲಿ ಕೆರೆಗಳಿಗೆ ಹೊಸ ಗುಣವೊಂದು (ಮಾಹಿತಿ ತುಂಬುವ ಹೊಸ ಅಂಕಣ) ಬೇಕೆಂದರೆ ಅದಕ್ಕೆ ವಿಕಿಡೇಟಾದಲ್ಲೇ ಪ್ರಸ್ತಾಪದ ಪುಟವಿದೆ. ನಾವು ನಾಲ್ಕು ಜನ ಕನ್ನಡದಲ್ಲಿ ಒಪ್ಪಿಕೊಂಡರೆ ಅಲ್ಲಿ ಅದು ನಡೆಯುವುದಿಲ್ಲ. ಬಾಟ್ (ತಾನಾಗಿಯೇ ಸಂಪಾದನೆ ಮಾಡುವ ತಂತ್ರಾಂಶ) ಓಡಿಸಿ ಸಾವಿರಾರು ದಾಖಲೆ ಸೇರಿಸಲು ಅನುಮತಿ ಕೇಳಬೇಕಾದದ್ದೂ ಅಲ್ಲೇ. ತುಳು ಲೇಖನಗಳ ಬಗ್ಗೆ ತುಳು ವಿಕಿಪೀಡಿಯದವರೇ ಹೇಳಬೇಕು. ಕನ್ನಡದವರು ಎಷ್ಟೇ ಆಪ್ತರಾಗಿರಲಿ, ಅದು ಬೇರೆ ಸಮುದಾಯ.

ಹಾಗಾಗಿ ಒಂದು ಹಾಳೆಯಲ್ಲಿ ಐಡಿಯಾದ ತುಂಡುಗಳನ್ನು ಬರೆದುಕೊಳ್ಳಿ. ಪ್ರತಿ ತುಂಡಿನ ಮುಂದೆ ಒಂದೇ ಪ್ರಶ್ನೆ ಹಾಕಿ: ಇದು ಯಾರ ಕೆಲಸವನ್ನು ಬದಲಿಸುತ್ತದೆ? ಅವರು ದಿನಾ ಓದುವ ಜಾಗವೇ ಈ ತುಂಡಿನ ಜಾಗ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದು ಅದನ್ನು ಜಾರಿಗೆ ತರುವ ದಾರಿ.

ಎರಡನೇ ಹೆಜ್ಜೆ: ದೊಡ್ಡ ಜಾಗ ಬೇಡದ್ದನ್ನು ಅಲ್ಲೇ ಮುಗಿಸಿ

ಎಲ್ಲವನ್ನೂ ಅರಳಿ ಕಟ್ಟೆಗೆ ಎಳೆದು ತರಬೇಡಿ. ದಾವಣಗೆರೆ ಜಿಲ್ಲೆ ಚನ್ನಗಿರಿಯ ದೊಡ್ಡ ಕೆರೆಗೆ ಸೂಳೆಕೆರೆ ಅಂತಲೂ ಶಾಂತಿಸಾಗರ ಅಂತಲೂ ಹೆಸರಿದೆ. ಲೇಖನದ ಶೀರ್ಷಿಕೆ ಯಾವುದಿರಬೇಕು? ಜಗಳ ಆಗಬಹುದಾದ ವಿಷಯವೇ. ಆದರೆ ಅದು ಆ ಒಂದು ಲೇಖನದ ಪ್ರಶ್ನೆ, ಅದರ ಚರ್ಚೆ ಪುಟದಲ್ಲೇ ಇರಲಿ. ಮುಂದೆ ಆ ಲೇಖನ ತಿದ್ದುವವರು ಹುಡುಕುವುದು ಅಲ್ಲೇ ತಾನೇ. "ಎರಡು ಹೆಸರಿರುವ ಎಲ್ಲ ಊರು ಕೆರೆಗಳಿಗೆ ಶೀರ್ಷಿಕೆ ಕೊಡುವ ನಿಯಮ ಏನು" ಅಂತ ಪ್ರಶ್ನೆ ಬೆಳೆದರೆ ಆಗ ಅರಳಿ ಕಟ್ಟೆಗೆ ಹೋಗಲಿ.

ಇಬ್ಬರು ಸೇರಿ ತಿಂಗಳಿಗೆ ಹತ್ತು ಲೇಖನ ಬರೆಯಲು ಯಾರ ಅನುಮತಿಯೂ ಬೇಡ. ಸುಮ್ನೆ ಶುರು ಮಾಡಿ. ಬೇಕಿದ್ದರೆ ಒಂದು ಯೋಜನೆ ಪುಟ ಮಾಡಿಕೊಳ್ಳಿ. ಚರ್ಚೆ ಮಾಡದೆ ಕೆಟ್ಟ ಯೋಜನೆಗಳಿವೆ. ಚರ್ಚೆ ಮಾಡಿ ಮಾಡಿಯೇ ಶುರುವಾಗದೆ ಉಳಿದವೂ ಇವೆ.

ಮೂರನೇ ಹೆಜ್ಜೆ: ಜಾಗಗಳ ಗುಣ ತಿಳಿದುಕೊಳ್ಳಿ

ಚಾಟ್ ಗುಂಪಿನಿಂದ ಶುರು ಮಾಡೋಣ. ಎಲ್ಲರೂ ಇರುವುದು ಅಲ್ಲಿ, ಹೆಚ್ಚು ಗೊಂದಲ ಇರುವುದೂ ಅಲ್ಲಿ.

ವಾಟ್ಸಾಪ್‌ನ ಬಲ ವೇಗ. ಕೇಳಿದ ಐದು ನಿಮಿಷದಲ್ಲಿ ಉತ್ತರ ಬರುತ್ತದೆ. ಹೊಸಬರಿಗೆ ಭಯ ಇರುವುದಿಲ್ಲ. ವಿಕಿಯ ಚರ್ಚೆ ಪುಟದಲ್ಲಿ ಸಹಿ ಹಾಕಲು ನಾಲ್ಕು ಟಿಲ್ಡೆ (~) ಒತ್ತಬೇಕು ಅಂತ ಕಲಿಯುವ ಮೊದಲೇ ಅವರು ಗುಂಪಿನಲ್ಲಿ ಮಾತು ಶುರು ಮಾಡಿರುತ್ತಾರೆ. ಆದರೆ ತೀರ್ಮಾನ ತೆಗೆದುಕೊಳ್ಳಲು ಇದು ಕೆಟ್ಟ ಜಾಗ. ಕಾರಣಗಳು ಒಂದೆರಡಲ್ಲ.

ಬೇಗ ಟೈಪ್ ಮಾಡುವವರ ಮಾತೇ ಅಲ್ಲಿ ಜಾಸ್ತಿ. ಸಂಜೆ ಕೆಲಸ ಮುಗಿಸಿ ಫೋನ್ ತೆಗೆಯುವವರಿಗೆ ಇನ್ನೂರು ಮೆಸೇಜ್ ಕಾದಿರುತ್ತವೆ. ಅವರು ಕೆಳಗೆ ಸ್ಕ್ರೋಲ್ ಮಾಡಿ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ಆ ಹೆಬ್ಬೆರಳನ್ನು ಒಪ್ಪಿಗೆ ಅಂತ ಎಣಿಸಬಾರದು. ಕ್ಯಾಲಿಫೋರ್ನಿಯಾದಲ್ಲೋ ದುಬೈನಲ್ಲೋ ಇರುವ ಕನ್ನಡಿಗರಿಗೆ ಹೊತ್ತೇ ಬೇರೆ.

ಇನ್ನೊಂದು ತೊಂದರೆ ನಮ್ಮಲ್ಲಿ ವಿಶೇಷವಾಗಿ ಇದೆ. ಗುಂಪಿನಲ್ಲಿ ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಕೆರೆ ಅನ್ನುವ ಪದವನ್ನೇ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇನ್ನು ಕೆಲವರು ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಆರು ತಿಂಗಳ ಮೇಲೆ "ಆಗ ಏನು ಅಂದುಕೊಂಡಿದ್ದೆವು" ಅಂತ ಹುಡುಕಲು ಹೋದರೆ ಸಿಗುವುದಿಲ್ಲ.

ಮೂರನೆಯದು ಫೋನ್ ನಂಬರ್. ವಾಟ್ಸಾಪ್ ಗುಂಪಿಗೆ ಸೇರಿದರೆ ನಂಬರ್ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ವಿಕಿಯಲ್ಲಿ ಸ್ವಂತ ಹೆಸರನ್ನೂ ಹೇಳದೆ ಕೆಲಸ ಮಾಡುವ ಹಕ್ಕು ಎಲ್ಲರಿಗೂ ಇದೆ. ಹಾಗಿರುವಾಗ "ಚರ್ಚೆಗೆ ಬರಬೇಕಾದರೆ ನಂಬರ್ ಕೊಡಿ" ಅನ್ನುವುದು ನ್ಯಾಯವಲ್ಲ. ಬಹಳಷ್ಟು ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಗುಂಪಿಗೆ ಬರುವುದಿಲ್ಲ. ಅವರು ಬಂದಿಲ್ಲ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಟ್ಟು ಬಳಕೆದಾರ ಹೆಸರಿನಲ್ಲಿ ಇರಬಹುದು. ಸಾರ್ವಜನಿಕ ಗುಂಪಾದರೆ ಹಳೆಯ ಮಾತೂ ಹೊಸಬರಿಗೆ ಕಾಣುತ್ತದೆ. ಚಾಟ್ ಬೇಕೇ ಬೇಕು ಅಂದರೆ ನನ್ನ ಮತ ಟೆಲಿಗ್ರಾಂ ಕಡೆಗೆ.

ಸ್ಲ್ಯಾಕ್ ಎಂಬ ಚಾಟ್ ತಂತ್ರಾಂಶ ಬಳಸುವವರಿಗೆ ಒಂದು ಮಾತು. ಅದರ ಉಚಿತ ಆವೃತ್ತಿಯಲ್ಲಿ 90 ದಿನಕ್ಕಿಂತ ಹಳೆಯ ಮೆಸೇಜು ಕಾಣುವುದಿಲ್ಲ. 2022ರಿಂದ ಹೀಗಿದೆ. ವರ್ಷಗಟ್ಟಲೆ ನಡೆಯುವ ಸ್ವಯಂಸೇವೆಗೆ ಇದು ಹೊಂದುವುದಿಲ್ಲ.

ಇನ್ನು ಅರಳಿ ಕಟ್ಟೆ. ನಿಧಾನ, ನಿಜ. ನೋಟಿಫಿಕೇಶನ್ ಶಬ್ದ ಬರುವುದಿಲ್ಲ. ಆದರೆ ಪ್ರತಿ ಮಾತಿಗೂ ಸಹಿ ಇದೆ, ದಿನಾಂಕ ಇದೆ, ಕೊಂಡಿ ಇದೆ. ಯಾರು ಯಾವಾಗ ಏನು ತಿದ್ದಿದರು ಅನ್ನುವುದು ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಖಾತೆ ಇಲ್ಲದವರೂ ಓದಬಹುದು. ಹತ್ತು ವರ್ಷ ಬಿಟ್ಟು ಬರುವವರೂ ಓದಬಹುದು. ಕನ್ನಡ ಲಿಪಿಯಲ್ಲಿ ಇರುವುದರಿಂದ ಹುಡುಕಿದರೆ ಸಿಗುತ್ತದೆ. ಕನ್ನಡ ವಿಕಿಪೀಡಿಯವನ್ನು ತಟ್ಟುವ ತೀರ್ಮಾನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಇಮೇಲ್ ಪಟ್ಟಿ ಹಳೆಯ ಕಾಲದ್ದು ಅಂತ ಈಗಿನವರು ನಗುತ್ತಾರೆ. ಆದರೆ ಜಗತ್ತಿನ ದೊಡ್ಡ ಸ್ವಯಂಸೇವಾ ತಂತ್ರಾಂಶ ಯೋಜನೆಗಳು ಬೆಳೆದದ್ದು ಅದರ ಮೇಲೇ. ಅಪಾಚೆ ಎಂಬ ಮುಕ್ತ ತಂತ್ರಾಂಶ ಸಮುದಾಯದಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಇಮೇಲ್ ಪಟ್ಟಿಯಲ್ಲಿ ನಡೆಯದಿದ್ದರೆ ಅದು ನಡೆದೇ ಇಲ್ಲ. ಫೋನಿನಲ್ಲಿ, ಚಹಾ ಅಂಗಡಿಯಲ್ಲಿ ಏನೇ ಮಾತಾಡಿಕೊಳ್ಳಿ, ಪಟ್ಟಿಗೆ ಬಂದ ಮೇಲೆಯೇ ಲೆಕ್ಕ. ಈ ಶಿಸ್ತನ್ನು ನಾವು ಅರಳಿ ಕಟ್ಟೆಗೆ ತಂದುಕೊಳ್ಳಬಹುದು. ಇಮೇಲ್ ಪಟ್ಟಿಯನ್ನೇ ಹೊಸದಾಗಿ ತೆರೆಯುವುದು ಈಗ ಬೇಕಿಲ್ಲ.

ಮುಖಾಮುಖಿ ಭೇಟಿ, ಜೂಮ್ ಸಭೆ ಇವೂ ಬೇಕು. ಮುನಿಸಿಕೊಂಡ ಇಬ್ಬರನ್ನು ಮಾತಾಡಿಸಲು ಇವಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಸಭೆಯ ಟಿಪ್ಪಣಿಯನ್ನು ಅದೇ ದಿನ ವಿಕಿಗೆ ಹಾಕಬೇಕು. ಎಥರ್‌ಪ್ಯಾಡ್‌ನಲ್ಲಿ (ಹಲವರು ಒಟ್ಟಿಗೆ ಬರೆಯುವ ಆನ್‌ಲೈನ್ ಪುಟ) ಬರೆದು ಅಲ್ಲೇ ಬಿಟ್ಟರೆ ಅದು ಶಾಶ್ವತವಾಗಿ ಉಳಿಯುತ್ತದೆ ಅನ್ನುವ ಖಾತರಿ ಇಲ್ಲ.

ನಾಲ್ಕನೇ ಹೆಜ್ಜೆ: ಹೊರಗಿನ ಬಾಗಿಲು ಯಾವಾಗ ತಟ್ಟಬೇಕು

ಕೆಲವು ಐಡಿಯಾಗಳಿಗೆ ನಮ್ಮ ಕಟ್ಟೆ ಸಾಲುವುದಿಲ್ಲ. ಮೂರು ಸಂದರ್ಭ ಹೇಳುತ್ತೇನೆ.

ತಾಂತ್ರಿಕ ಬದಲಾವಣೆ ಮೊದಲನೆಯದು. ವಿಕಿಯ ಲೋಗೊ ಬದಲಿಸಬೇಕು, ಹೊಸ ನಾಮವರ್ಗ (ಪುಟಗಳ ಹೊಸ ಗುಂಪು) ಬೇಕು, ಯಾವುದೋ ಎಕ್ಸ್‌ಟೆನ್ಶನ್ ಬೇಕು. ಇಂಥದ್ದನ್ನು ಸರ್ವರ್ ಮಟ್ಟದಲ್ಲಿ ಮಾಡಬೇಕಾಗುತ್ತದೆ. ಅದಕ್ಕೆ ಫ್ಯಾಬ್ರಿಕೇಟರ್ ಎಂಬ ಜಾಗದಲ್ಲಿ ಕೋರಿಕೆ ಹಾಕಬೇಕು. ಅಲ್ಲಿರುವವರು ಮೊದಲು ಕೇಳುವುದು ಸ್ಥಳೀಯ ಸಮುದಾಯದ ಒಪ್ಪಿಗೆಯ ಕೊಂಡಿ. ವಾಟ್ಸಾಪ್ ಸ್ಕ್ರೀನ್‌ಶಾಟ್ ಅಲ್ಲಿ ನಡೆಯುವುದಿಲ್ಲ. ಅಂದರೆ ಅರಳಿ ಕಟ್ಟೆ ಮೊದಲು, ಫ್ಯಾಬ್ರಿಕೇಟರ್ ನಂತರ. ಕನ್ನಡ ಬಾರದವರು ಅಲ್ಲಿ ಕೆಲಸ ಮಾಡುತ್ತಾರೆ. ಆದ್ದರಿಂದ ಅರಳಿ ಕಟ್ಟೆಯ ಚರ್ಚೆಯ ತುದಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲಿನ ಸಾರಾಂಶ ಬರೆದಿಡಿ. ಚರ್ಚೆ ಮಾತ್ರ ಕನ್ನಡದಲ್ಲೇ ಇರಲಿ.

ಎರಡನೆಯದು ಹಣ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಅನುದಾನದ ಅರ್ಜಿಗಳು ಎಲ್ಲರಿಗೂ ಕಾಣುವುದು ಮೆಟಾ ವಿಕಿಯಲ್ಲಿ (ಎಲ್ಲ ವಿಕಿ ಯೋಜನೆಗಳಿಗೂ ಸಾಮಾನ್ಯವಾದ ತಾಣ). ಸಮುದಾಯಕ್ಕೆ ವಿಷಯ ತಿಳಿಸಿದ್ದೀರಾ, ಎಲ್ಲಿ ತಿಳಿಸಿದ್ದೀರಿ ಅಂತ ಅರ್ಜಿಯಲ್ಲಿ ಕೇಳುತ್ತಾರೆ. ಅರ್ಜಿ ಹಾಕಿದ ಮೇಲೆ ತಿಳಿಸಿದರೆ ಅದು ಬರೀ ಔಪಚಾರಿಕ. ಹಣದ ವಿಷಯದಲ್ಲಿ ಅನುಮಾನ ಹುಟ್ಟಲು ಹೆಚ್ಚು ಹೊತ್ತು ಬೇಡ. ಖರ್ಚಿನ ಅಂದಾಜನ್ನು, ಯಾರಿಗೆ ಎಷ್ಟು ಅನ್ನುವುದನ್ನು ಸೇರಿಸಿ, ಅರ್ಜಿಗೆ ಮೊದಲೇ ಕಟ್ಟೆಯಲ್ಲಿ ಇಟ್ಟುಬಿಡಿ. ಕಷ್ಟದ ಪ್ರಶ್ನೆ ಬಂದರೆ ಆಗಲೇ ಬರಲಿ.

ಮೂರನೆಯದು ಹೊಸ ಭಾಷೆಯ ವಿಕಿ. ತುಳು ವಿಕಿಪೀಡಿಯ 2008ರಿಂದ ಹೊಸ ಭಾಷೆಗಳ ವಿಕಿ ಬೆಳೆಸುವ ತಾಣವಾದ ಇನ್‌ಕ್ಯುಬೇಟರ್‌ನಲ್ಲಿ ಇತ್ತು. ಸ್ವಂತ ವಿಳಾಸಕ್ಕೆ ಬಂದದ್ದು 2016ರ ಆಗಸ್ಟ್‌ನಲ್ಲಿ. ಕೊಂಕಣಿಯದು 2015ರಲ್ಲಿ ಹೊರಬಂತು. ಇದರ ದಾರಿ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಕೋರಿಕೆ ಇಡುವುದು ಮೆಟಾದಲ್ಲಿ. ಲೇಖನಗಳನ್ನು ಬೆಳೆಸುವುದು ಇನ್‌ಕ್ಯುಬೇಟರ್‌ನಲ್ಲಿ. ಗುಂಡಿಗಳ, ಮೆನುಗಳ ಪದಗಳನ್ನು ಅನುವಾದಿಸುವುದು ಟ್ರಾನ್ಸ್‌ಲೇಟ್‌ವಿಕಿಯಲ್ಲಿ. ಇವನ್ನೆಲ್ಲ ನೋಡಿ ಹೇಳುವುದು ಭಾಷಾ ಸಮಿತಿ. ಆ ಸಮಿತಿ ನೋಡುವುದು ಎಷ್ಟು ಜನ ಬೆಂಬಲ ಅಂತ ಬರೆದರು ಅನ್ನುವುದನ್ನಲ್ಲ. ತಿಂಗಳು ತಿಂಗಳು ನಿಜವಾಗಿ ಸಂಪಾದನೆ ಮಾಡುತ್ತಿರುವವರು ಇದ್ದಾರಾ ಅನ್ನುವುದನ್ನು. ನಮ್ಮ ಭಾಷೆಗೂ ವಿಕಿ ಬೇಕು ಅಂತ ಫೇಸ್‌ಬುಕ್‌ನಲ್ಲಿ ಎಷ್ಟು ಲೈಕ್ ಬಿದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಕೊಂಕಣಿ ವಿಕಿಪೀಡಿಯದಲ್ಲಿ ದೇವನಾಗರಿ, ಕನ್ನಡ, ರೋಮನ್ ಮೂರೂ ಲಿಪಿಯ ಲೇಖನಗಳಿವೆ. ಗೋವಾದವರೂ ಮಂಗಳೂರಿನವರೂ ಒಂದೇ ವಿಕಿಯಲ್ಲಿ ಬರೆಯುತ್ತಾರೆ. ಇಂಥ ಸಮುದಾಯದಲ್ಲಿ ಲಿಪಿಯನ್ನು ತಟ್ಟುವ ಐಡಿಯಾ ಬಂದರೆ ಅದನ್ನು ಒಂದು ಊರಿನ ಗುಂಪಿನಲ್ಲಿ ಚರ್ಚಿಸಿ ಮುಗಿಸುವ ಹಾಗಿಲ್ಲ. ಮೂರೂ ಲಿಪಿಯವರು ಬರಬಹುದಾದ ಜಾಗ ವಿಕಿಯ ಒಳಗೇ ಇದೆ. ಮಾತು ಅಲ್ಲೇ ಆಗಬೇಕು.

ಐದನೇ ಹೆಜ್ಜೆ: ಹದ ಮಾಡುವ ಜಾಗ ಬೇರೆ, ಒಪ್ಪಿಗೆ ಕೇಳುವ ಜಾಗ ಬೇರೆ

ಇಂಗ್ಲಿಷ್ ವಿಕಿಪೀಡಿಯದ ಚರ್ಚಾ ಕಟ್ಟೆ ಹಲವು ಭಾಗಗಳಾಗಿದೆ. ನೀತಿಗೆ ಒಂದು, ತಾಂತ್ರಿಕ ವಿಷಯಕ್ಕೆ ಒಂದು, ಪ್ರಸ್ತಾಪಗಳಿಗೆ ಒಂದು. ಇನ್ನೂ ಹದವಾಗದ ಐಡಿಯಾಗಳಿಗೆ ಬೇರೆಯೇ ಒಂದು ಭಾಗ. ಈ ಕೊನೆಯದರಲ್ಲಿ ಬರೀ "ಬೆಂಬಲ", "ವಿರೋಧ" ಅಂತ ಮತ ಹಾಕುವುದಕ್ಕೆ ಜಾಗವಿಲ್ಲ. ಐಡಿಯಾವನ್ನು ಹೇಗೆ ಸರಿಪಡಿಸಬಹುದು ಅನ್ನುವ ಮಾತು ಮಾತ್ರ.

ಇದು ಬಹಳ ಜಾಣ ವ್ಯವಸ್ಥೆ ಅಂತ ನನಗೆ ಅನಿಸುತ್ತದೆ. ಅರೆಬೆಂದ ಐಡಿಯಾವನ್ನು ನೇರವಾಗಿ ಮತಕ್ಕೆ ಹಾಕಿದರೆ ಒಂದು ಅನಾಹುತ ಆಗುತ್ತದೆ. ಮೊದಲ ದಿನವೇ ನಾಲ್ಕು ಜನ "ವಿರೋಧ" ಅಂತ ಬರೆದುಬಿಡುತ್ತಾರೆ. ಆಮೇಲೆ ಐಡಿಯಾ ಎಷ್ಟೇ ಸುಧಾರಿಸಿದರೂ ಅವರು ಹಿಂದೆ ಸರಿಯುವುದು ಕಷ್ಟ. ಮಾನ ಮರ್ಯಾದೆಯ ಪ್ರಶ್ನೆ ಆಗುತ್ತದೆ ಅಲ್ವಾ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರೂ ಇದನ್ನೇ ಮಾಡಿದರು. ತೋಚಿದ್ದನ್ನೆಲ್ಲ ಹೇಳಲು ಒಂದು ಪಟ್ಟಿ, ಹದವಾದ ಪ್ರಸ್ತಾಪಕ್ಕೆ ಒಂದು ನಿಗದಿತ ರೂಪದ ದಾಖಲೆ. ಅಷ್ಟಿದ್ದರೂ ಜಗಳ ತಪ್ಪಲಿಲ್ಲ. ಒಂದು ಪ್ರಸ್ತಾಪದ ಮೇಲಿನ ಚರ್ಚೆ ಎಷ್ಟು ಬಿಸಿಯಾಯಿತೆಂದರೆ, 2018ರ ಜುಲೈನಲ್ಲಿ ಪೈಥಾನ್‌ನ ಸೃಷ್ಟಿಕರ್ತ ಗೈಡೊ ವಾನ್ ರೋಸಮ್ ಅಂತಿಮ ತೀರ್ಮಾನ ಹೇಳುವ ಸ್ಥಾನವನ್ನೇ ಬಿಟ್ಟರು. ಜಾಗ ಸರಿಯಿದ್ದರೆ ಸಾಲದು, ಜನಕ್ಕೂ ಸಾಕಾಗುತ್ತದೆ.

ಕನ್ನಡ ವಿಕಿಯಷ್ಟು ಚಿಕ್ಕ ಸಮುದಾಯಕ್ಕೆ ಐದಾರು ಕಟ್ಟೆ ಬೇಡ. ಹದ ಮಾಡಲು ಟೆಲಿಗ್ರಾಂ ಗುಂಪು ಅಥವಾ ನಿಮ್ಮ ಸ್ವಂತ ಬಳಕೆದಾರ ಪುಟದ ಕೆಳಗಿನ ಉಪಪುಟ ಸಾಕು. ಉಪಪುಟದಲ್ಲಿ ಕರಡು ಬರೆಯಿರಿ, ನಾಲ್ಕೈದು ಜನರನ್ನು ಕರೆದು ತಿದ್ದಿಸಿ. ಗಟ್ಟಿಯಾದ ಮೇಲೆ ಅರಳಿ ಕಟ್ಟೆಗೆ ಇಡಿ.

ಆರನೇ ಹೆಜ್ಜೆ: ಕಟ್ಟೆಗೆ ಇಡುವ ಪ್ರಸ್ತಾಪ ಹೇಗಿರಬೇಕು

ಉದ್ದ ಬೇಡ. ಫೋನಿನಲ್ಲಿ ಎರಡು ಸ್ಕ್ರೀನಿನಷ್ಟು ಇದ್ದರೆ ಜನ ಓದುತ್ತಾರೆ. ಕೆರೆ ಯೋಜನೆಗೆ ಹೀಗೆ ಬರೆಯಬಹುದು:

"ಕರ್ನಾಟಕದ ಕೆರೆಗಳು: ಲೇಖನ ಯೋಜನೆಯ ಪ್ರಸ್ತಾಪ. ಮೊದಲ ಹಂತದಲ್ಲಿ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಯ ಕೆರೆಗಳ ಬಗ್ಗೆ ಲೇಖನ ಬರೆಯುವ ಯೋಚನೆ ಇದೆ. ಮೂಲಗಳಾಗಿ ಗ್ಯಾಸೆಟಿಯರ್, ಶಾಸನ ಸಂಪುಟ, ಪತ್ರಿಕಾ ವರದಿ ಬಳಸುತ್ತೇವೆ. ಮೂಲ ಇಲ್ಲದ ಕೆರೆಗೆ ಲೇಖನ ಬೇಡ, ಪಟ್ಟಿಯಲ್ಲಿ ಹೆಸರು ಸಾಕು. ಇದರಿಂದ ಈಗಿರುವ ಊರುಗಳ ಲೇಖನಗಳಲ್ಲಿ ಕೊಂಡಿ ಬದಲಾವಣೆ ಆಗುತ್ತದೆ. ಹಣದ ಕೋರಿಕೆ ಈಗ ಇಲ್ಲ. ಎರಡು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು: ಒಂದು ಕೆರೆಗೆ ಪ್ರತ್ಯೇಕ ಲೇಖನ ಬೇಕೆನ್ನಲು ಕನಿಷ್ಠ ಎಷ್ಟು ಮೂಲ ಇರಬೇಕು? ಮಾಹಿತಿಚೌಕ ಹೊಸದು ಬೇಕೇ, ಇರುವುದೇ ಸಾಕೇ? ಎರಡು ವಾರದ ನಂತರ ಬಂದ ಅಭಿಪ್ರಾಯಗಳನ್ನು ಸಂಗ್ರಹಿಸಿ ಇಲ್ಲೇ ಬರೆಯುತ್ತೇನೆ."

ಇದರಲ್ಲಿ ಏನಿದೆ ನೋಡಿ. ಮಿತಿ ಇದೆ, ಎರಡು ಜಿಲ್ಲೆ ಮಾತ್ರ. ಯಾರಿಗೆ ತಟ್ಟುತ್ತದೆ ಅಂತ ಹೇಳಿದೆ. ಹಣದ ಮಾತನ್ನು ತಾನಾಗಿಯೇ ಎತ್ತಿದೆ. ಮುಖ್ಯವಾಗಿ, "ಎಲ್ಲರ ಅಭಿಪ್ರಾಯ ತಿಳಿಸಿ" ಅಂತ ಗಾಳಿಗೆ ಬಿಟ್ಟಿಲ್ಲ. ಉತ್ತರಿಸಲು ಆಗುವ ಎರಡು ಪ್ರಶ್ನೆ ಇಟ್ಟಿದೆ. ಗಡುವು ಇದೆ.

"ಬೆಂಬಲಿಸುವವರು ಸಹಿ ಹಾಕಿ" ಅನ್ನುವ ವಿಭಾಗ ಇಡುವ ಪದ್ಧತಿ ನನಗೆ ಅಷ್ಟು ಇಷ್ಟವಿಲ್ಲ. ಸಹಿ ಹಾಕಲು ಖರ್ಚಿಲ್ಲ. ಇಪ್ಪತ್ತು ಸಹಿ ಬಿದ್ದು, ಕೊನೆಗೆ ಇಬ್ಬರೇ ಬರೆದ ಯೋಜನೆ ಎಲ್ಲ ಸಮುದಾಯದಲ್ಲೂ ಇರುತ್ತದೆ. ಅದರ ಬದಲು "ನೀವು ಏನು ಮಾಡಬಲ್ಲಿರಿ" ಅಂತ ಕೇಳಿ. "ಹಾವೇರಿಯ ಮೂರು ಕೆರೆ ನನ್ನದು" ಅಂತ ಒಬ್ಬರು ಬರೆದರೆ ಅದು ಹತ್ತು ಬೆಂಬಲಕ್ಕೆ ಸಮ.

ಏಳನೇ ಹೆಜ್ಜೆ: ಜನರನ್ನು ಕರೆಯಿರಿ, ಆದರೆ ಬರೀ ನಮ್ಮವರನ್ನಲ್ಲ

ಪ್ರಸ್ತಾಪ ಇಟ್ಟ ಮೇಲೆ ಚಾಟ್ ಗುಂಪುಗಳಿಗೆ ಕೊಂಡಿ ಕಳಿಸಿ. ಚಾಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಆದರೆ ಮೆಸೇಜಿನ ಮಾತು ಮುಖ್ಯ. "ಕೆರೆ ಯೋಜನೆಯ ಚರ್ಚೆ ಕಟ್ಟೆಯಲ್ಲಿದೆ, ಅಭಿಪ್ರಾಯ ಬರೆಯಿರಿ" ಅನ್ನುವುದು ಸರಿ. "ಎಲ್ಲರೂ ಬಂದು ಬೆಂಬಲ ಹಾಕಿ, ಕೆಲವರು ಅಡ್ಡಿ ಮಾಡುತ್ತಿದ್ದಾರೆ" ಅನ್ನುವುದು ತಪ್ಪು. ವಿಕಿ ಸಮುದಾಯಗಳಲ್ಲಿ ಹೀಗೆ ಮತ ಕೂಡಿಸುವುದನ್ನು ಕೆಟ್ಟ ನಡತೆ ಅಂತಲೇ ನೋಡುತ್ತಾರೆ.

ಒಪ್ಪದವರನ್ನೂ ಕರೆಯಿರಿ. ಈ ಹಿಂದೆ ಇಂಥದ್ದೇ ಯೋಜನೆಯಲ್ಲಿ ದುಡಿದವರ, ಅದನ್ನು ಟೀಕಿಸಿದವರ ಚರ್ಚೆ ಪುಟದಲ್ಲಿ ಒಂದು ಸಾಲು ಬರೆಯಿರಿ. ಅವರು ಹೇಳುವ ತಕರಾರು ಈಗ ಬಂದರೆ ತಿದ್ದಬಹುದು.

ಚಾಟ್‌ನಲ್ಲಿ ಯಾರಾದರೂ ಒಳ್ಳೆಯ ಮಾತು ಹೇಳಿದರೆ ಅದನ್ನು ಅವರೇ ಕಟ್ಟೆಗೆ ಬಂದು ಬರೆಯಲಿ. ಅವರಿಗೆ ವಿಕಿ ಗೊತ್ತಿಲ್ಲದಿದ್ದರೆ ನೀವು ಕೂತು ಕಲಿಸಿ, ಹೊಸ ಸಂಪಾದಕರೊಬ್ಬರು ಸಿಕ್ಕ ಹಾಗೂ ಆಯಿತು. ಅವರನ್ನು ಕೇಳದೆ ಸ್ಕ್ರೀನ್‌ಶಾಟ್ ಹಾಕಬೇಡಿ. ಫೋನ್ ನಂಬರ್ ಇರುತ್ತದೆ, ನಿಜ ಹೆಸರು ಇರುತ್ತದೆ.

ಎಂಟನೇ ಹೆಜ್ಜೆ: ಎಷ್ಟು ದಿನ ಕಾಯಬೇಕು

ಅಪಾಚೆಯವರಲ್ಲಿ ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ. ಅಷ್ಟರಲ್ಲಿ ಯಾರೂ ತಕರಾರು ಎತ್ತದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಲೋಕದ ಎಲ್ಲ ಮೂಲೆಯವರೂ ಒಮ್ಮೆ ಇಮೇಲ್ ನೋಡಲು ಅಷ್ಟು ಸಾಕು ಅನ್ನುವುದು ಅದರ ಹಿಂದಿನ ತರ್ಕ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೊಸ ಟ್ಯಾಗ್ (ನಕ್ಷೆಯ ವಸ್ತುವಿಗೆ ಕೊಡುವ ಗುರುತು) ಪ್ರಸ್ತಾಪಕ್ಕೆ ಕನಿಷ್ಠ ಎರಡು ವಾರ ಚರ್ಚೆ, ಆಮೇಲೆ ಮತ್ತೆ ಎರಡು ವಾರ ಮತದಾನ.

ನಮ್ಮಲ್ಲಿ 72 ಗಂಟೆ ಸಾಲದು. ವಾರಕ್ಕೊಮ್ಮೆ ವಿಕಿಗೆ ಬರುವವರೇ ಜಾಸ್ತಿ. ಸಾಮಾನ್ಯ ಯೋಜನೆಗೆ ಎರಡು ವಾರ, ನಿಯಮ ಬದಲಿಸುವ ಅಥವಾ ಹಣ ಸೇರಿರುವ ಯೋಜನೆಗೆ ಒಂದು ತಿಂಗಳು ಇಡಿ. ಮೇಷ್ಟ್ರುಗಳು, ವಿದ್ಯಾರ್ಥಿಗಳು ಸೇರಿರುವ ಸಮುದಾಯವಾದರೆ ಮಾರ್ಚ್ ಏಪ್ರಿಲ್‌ನಲ್ಲಿ ದೊಡ್ಡ ಪ್ರಸ್ತಾಪ ಇಡಬೇಡಿ. ಪರೀಕ್ಷೆಯ ನಡುವೆ ಯಾರೂ ನೋಡುವುದಿಲ್ಲ.

ಯಾರೂ ಉತ್ತರಿಸದಿದ್ದರೆ? ಒಮ್ಮೆ ನೆನಪಿಸಿ. ಮೂರ್ನಾಲ್ಕು ಸಕ್ರಿಯ ಸಂಪಾದಕರನ್ನು ಹೆಸರಿಸಿ ಕೇಳಿ. ಆಗಲೂ ಮೌನವೇ ಇದ್ದರೆ ಎರಡು ದಾರಿ. ಸುಲಭವಾಗಿ ಹಿಂದಕ್ಕೆ ತಿರುಗಿಸಬಹುದಾದ ಕೆಲಸವಾದರೆ "ತಕರಾರು ಬಂದಿಲ್ಲ, ಚಿಕ್ಕದಾಗಿ ಶುರು ಮಾಡುತ್ತಿದ್ದೇನೆ" ಅಂತ ಬರೆದು ಹೊರಡಿ. ಸಾವಿರ ಲೇಖನ ತಿದ್ದುವ, ಹಣ ತರುವ, ನಿಯಮ ಹೇರುವ ಕೆಲಸವಾದರೆ ಮೌನವನ್ನು ಒಪ್ಪಿಗೆ ಅನ್ನಬೇಡಿ.

ಒಂಬತ್ತನೇ ಹೆಜ್ಜೆ: ಚರ್ಚೆಯನ್ನು ಮುಚ್ಚಿ

ಅರಳಿ ಕಟ್ಟೆಯಂಥ ಪುಟಗಳಲ್ಲಿ ಹೆಚ್ಚು ಬಿಟ್ಟುಹೋಗುವ ಹೆಜ್ಜೆ ಇದು. ಚರ್ಚೆ ನಡೆಯುತ್ತದೆ, ನಿಲ್ಲುತ್ತದೆ, ದಾಖಲೆ ಪುಟಕ್ಕೆ ಹೋಗುತ್ತದೆ. ಕೊನೆಗೆ ಏನು ಒಪ್ಪಿದರು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಪ್ರಸ್ತಾಪ ಇಟ್ಟವರಲ್ಲದೆ ಬೇರೊಬ್ಬರು, ಸಾಧ್ಯವಾದರೆ ನಿರ್ವಾಹಕರೊಬ್ಬರು, ಮೂರು ಸಾಲು ಬರೆಯಲಿ. ಏನು ಒಪ್ಪಲಾಯಿತು, ಯಾವುದನ್ನು ಬಿಡಲಾಯಿತು, ಯಾವ ತಕರಾರು ಉಳಿದಿದೆ. ಉಳಿದ ತಕರಾರನ್ನು ಬರೆಯುವುದು ಮುಖ್ಯ. ತಮ್ಮ ಮಾತು ದಾಖಲೆಯಲ್ಲಿದೆ ಅಂತ ಕಂಡರೆ ಒಪ್ಪದವರೂ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಕಟ್ಟೆ ಒಪ್ಪದಿದ್ದರೆ

ವಿಕಿಪೀಡಿಯ ಹುಟ್ಟಿದ್ದೇ ಹೀಗೆ. 2000ದಲ್ಲಿ ನ್ಯೂಪೀಡಿಯ ಅಂತ ಒಂದು ವಿಶ್ವಕೋಶ ಶುರುವಾಯಿತು. ತಜ್ಞರು ಬರೆದು ತಜ್ಞರೇ ಪರಿಶೀಲಿಸುವ ಯೋಜನೆ, ಬಹಳ ನಿಧಾನ. 2001ರ ಜನವರಿ 10ರಂದು ನ್ಯೂಪೀಡಿಯದ ಪ್ರಧಾನ ಸಂಪಾದಕ ಲ್ಯಾರಿ ಸ್ಯಾಂಗರ್ ಅದರ ಇಮೇಲ್ ಪಟ್ಟಿಯಲ್ಲಿ "ಒಂದು ವಿಕಿ ಮಾಡೋಣ" ಅಂತ ಪ್ರಸ್ತಾಪ ಇಟ್ಟರು. ನ್ಯೂಪೀಡಿಯದ ತಜ್ಞರಿಗೆ ಇದು ರುಚಿಸಲಿಲ್ಲ. ತಮ್ಮ ಹೆಸರಿನ ಜೊತೆ ಯಾರು ಬೇಕಾದರೂ ತಿದ್ದುವ ಜಾಗ ಇರುವುದು ಅವರಿಗೆ ಬೇಡವಾಗಿತ್ತು. ಹಾಗಾಗಿ ಬೇರೆ ಹೆಸರಿನಲ್ಲಿ, ಬೇರೆ ವಿಳಾಸದಲ್ಲಿ ಜನವರಿ 15ರಂದು ವಿಕಿಪೀಡಿಯ ತೆರೆಯಿತು. ಐಡಿಯಾವನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದರು. ಆ ಜಾಗ ಬೇಡ ಅಂದಿತು. ಎರಡೂ ಯೋಜನೆಗಳು ತಮ್ಮ ತಮ್ಮ ದಾರಿ ಹಿಡಿದವು.

ಇದರ ಉಲ್ಟಾ ಕಥೆ ಮರುವರ್ಷವೇ ನಡೆಯಿತು. ವಿಕಿಪೀಡಿಯಕ್ಕೆ ಜಾಹೀರಾತು ಬರಬಹುದು ಎಂಬ ಮಾತು ಇಮೇಲ್ ಪಟ್ಟಿಯಲ್ಲಿ ಹೊರಬಿತ್ತು. ಸ್ಪ್ಯಾನಿಷ್ ವಿಕಿಪೀಡಿಯದ ಸಂಪಾದಕರ ಪಾಲಿಗೆ ಅದು ಆಗಲೇ ನಿಂತ ತೀರ್ಮಾನದ ಹಾಗೆ ಕೇಳಿಸಿತು. ಅಸಮಾಧಾನಕ್ಕೆ ಬೇರೆ ಕಾರಣಗಳೂ ಇದ್ದವು. 2002ರ ಫೆಬ್ರುವರಿಯಲ್ಲಿ ಹಲವರು ಹೊರನಡೆದು ಸ್ಪೇನ್‌ನ ಸೆವಿಲ್ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಸ್ವತಂತ್ರ ವಿಶ್ವಕೋಶ ಕಟ್ಟಿದರು. ಜಾಹೀರಾತಂತೂ ವಿಕಿಪೀಡಿಯಕ್ಕೆ ಬರಲೇ ಇಲ್ಲ.

ನಿಮ್ಮ ಐಡಿಯಾ ಕಟ್ಟೆಯಲ್ಲಿ ಬಿದ್ದುಹೋದರೆ ಮೊದಲು ತಕರಾರುಗಳನ್ನು ಓದಿ. "ವಿಶ್ವಕೋಶಕ್ಕೆ ಹೊಂದುವುದಿಲ್ಲ" ಅನ್ನುವುದು ಕಾರಣವಾದರೆ ಅದಕ್ಕೆ ಬೇರೆ ಮನೆ ಇರಬಹುದು. ಕೆರೆಯ ಬಗ್ಗೆ ಊರಿನ ಹಿರಿಯರು ಹೇಳುವ ಕಥೆಗಳಿಗೆ ವಿಕಿಪೀಡಿಯ ಸರಿಯಾದ ಜಾಗವಲ್ಲ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕವನ್ನು ವಿಕಿಯ ಪುಸ್ತಕ ಭಂಡಾರವಾದ ವಿಕಿಸೋರ್ಸ್‌ಗೆ ತರಬಹುದು. ಹಿರಿಯರ ಒಪ್ಪಿಗೆ ಪಡೆದ ಧ್ವನಿಮುದ್ರಣವನ್ನು ಕಾಮನ್ಸ್‌ನವರು ಮುಕ್ತ ಪರವಾನಗಿಯಡಿ ತೆಗೆದುಕೊಳ್ಳುತ್ತಾರೆಯೇ ಅಂತ ಅಲ್ಲೇ ಕೇಳಿ ನೋಡಬಹುದು.

ಹೊಸ ಜಾಗ ತೆರೆಯುವ ಆಸೆ ಬಂದರೆ

"ನಮಗೇ ಒಂದು ಡಿಸ್ಕಾರ್ಡ್ ಇದ್ದರೆ ಚೆನ್ನಾಗಿರುತ್ತೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತೆರೆಯುವುದು ಎರಡು ನಿಮಿಷದ ಕೆಲಸ. ನೋಡಿಕೊಳ್ಳಲು ವರ್ಷಗಳು ಬೇಕು. ಹತ್ತಿಪ್ಪತ್ತು ಸಕ್ರಿಯರು ಇರುವ ಸಮುದಾಯಕ್ಕೆ ತೀರ್ಮಾನದ ಜಾಗ ಒಂದು, ಹರಟೆಯ ಜಾಗ ಒಂದು, ಇಷ್ಟೇ ಸಾಕು. ಮೂರನೆಯದು ಬಂದರೆ ಮಾತು ಹಂಚಿಹೋಗುತ್ತದೆ.

ತೆರೆಯಲೇಬೇಕು ಅಂದರೆ ಮೂರು ವಿಷಯ ಮೊದಲೇ ತೀರ್ಮಾನಿಸಿ. ಕೀಲಿ ಕನಿಷ್ಠ ಮೂವರ ಹತ್ತಿರ ಇರಲಿ. ಒಬ್ಬರೇ ಅಡ್ಮಿನ್ ಆಗಿ, ಅವರು ನಂಬರ್ ಬದಲಿಸಿದರೆ ಗುಂಪು ಅನಾಥ. ಕೆಟ್ಟ ಮಾತಿಗೆ ಯಾರು ಕ್ರಮ ತೆಗೆದುಕೊಳ್ಳುತ್ತಾರೆ ಅಂತ ಬರೆದಿಡಿ. ಹಳೆಯ ಮಾತನ್ನು ಹೊರಗೆ ತೆಗೆಯುವ ದಾರಿ ಇದೆಯಾ ನೋಡಿ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಪೂರ್ತಿ ನಿಂತಿತು. ಅವುಗಳಲ್ಲಿದ್ದ ಕನ್ನಡದ ಎಷ್ಟೋ ಮಾತುಕತೆ ಈಗ ಎಲ್ಲೂ ಇಲ್ಲ.

ಕೊನೆಯ ಕೆಲಸ: ಜೋಡಿಸಿಡುವುದು

ಯೋಜನೆ ಶುರುವಾದ ದಿನವೇ ಯೋಜನೆ ಪುಟದ ಮೇಲ್ಭಾಗದಲ್ಲಿ ಕಟ್ಟೆಯ ಚರ್ಚೆಯ ಕೊಂಡಿ ಹಾಕಿ. ಚರ್ಚೆ ದಾಖಲೆ ಪುಟಕ್ಕೆ ಹೋದ ಮೇಲೆ ಕೊಂಡಿ ಮುರಿಯುತ್ತದೆ. ಆದ್ದರಿಂದ ಆ ಪುಟದ ನಿರ್ದಿಷ್ಟ ಆವೃತ್ತಿಯ ಶಾಶ್ವತ ಕೊಂಡಿಯನ್ನೇ ಬಳಸಿ. ಎಡಬದಿಯ ಉಪಕರಣಗಳ ಪಟ್ಟಿಯಲ್ಲಿ ಅಥವಾ ಮೇಲಿನ ಮೆನುವಿನಲ್ಲಿ ಅದು ಸಿಗುತ್ತದೆ. ವಿಕಿಡೇಟಾ, ಕಾಮನ್ಸ್, ಮೆಟಾದಲ್ಲಿ ಬೇರೆ ಚರ್ಚೆ ನಡೆದಿದ್ದರೆ ಅವುಗಳ ಕೊಂಡಿಯೂ ಅಲ್ಲೇ ಇರಲಿ. ಯೋಜನೆ ಮುಗಿದಾಗ, ಅಥವಾ ಅರ್ಧಕ್ಕೆ ನಿಂತಾಗಲೂ, ಅರಳಿ ಕಟ್ಟೆಯಲ್ಲಿ ಹೊಸ ವಿಭಾಗ ತೆರೆದು ಎಷ್ಟು ಲೇಖನ ಆಯಿತು, ಯಾವುದು ಆಗಲಿಲ್ಲ, ಯಾಕೆ ಅಂತ ನಾಲ್ಕು ಸಾಲು ಬರೆಯಿರಿ. ಮುಂದಿನ ಸಲ ಬಾವಿಗಳ ಯೋಜನೆ ತರುವವರು ಮೊದಲು ಹುಡುಕುವುದು ಅದನ್ನೇ.